ಶುಕ್ರವಾರದ ಮಬ್ಬು

ಮಧುಗಿರಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಕುಳಿತೆದ್ದ ಚೌಡಯ್ಯನವರಿಗೆ ಮನುಷ್ಯರ ಮಾತಿಗಿಂತ ಕಾಗದದ ಮೇಲೆ ನಂಬಿಕೆ ಹೆಚ್ಚು. ಕಾಗದದ ಮೇಲಾದರೂ ಪೂರ್ತಿ ನಂಬಿಕೆಯೇನಿಲ್ಲ. ಒಂದು ಪಹಣಿಯನ್ನು ಕೈಗೆ ಕೊಟ್ಟರೆ ಮೊದಲು ಅದರ ಬೆನ್ನು ನೋಡುವರು, ಆಮೇಲೆ ಅಂಚು ನೋಡುವರು, ಶಾಯಿಯ ಬಣ್ಣ ಎಲ್ಲಾದರೂ ಬದಲಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವರು, ಎಲ್ಲ ಮುಗಿದ ಮೇಲೆ ಓದುವರು. ನಿವೃತ್ತರಾಗಿ ಕೊಡಿಗೇನಹಳ್ಳಿಯ ಸ್ವಂತ ಮನೆಯಲ್ಲಿ ನೆಲೆಸಿ ಏಳು ವರ್ಷವಾಗಿದ್ದರೂ ಆ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಸಂತೆಯಿಂದ ತಂದ ಬದನೆಕಾಯಿಯನ್ನೂ ಅವರು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು ಹೆಂಡತಿ ಚಿಕ್ಕಹನುಮಕ್ಕ, “ಅದ್ಕೂ ತಾಸೀಲ್ದಾರ್ರು ಸೀಲ್ ಹಾಕಿರ್ತಾರಾ?” ಎಂದು ನಗುವಳು.

ಅಂಥ ಚೌಡಯ್ಯನವರು ಶ್ರಾವಣದ ಮೂರನೆಯ ಶುಕ್ರವಾರ ಒಂದು ಹೊಸ ಕಡತವನ್ನು ತೆರೆದರು. ಹಳೆಯ ರಟ್ಟು, ಬಿಳಿಯ ದಾರ, ಎಡಗಡೆ ಅಂಚು ಬಿಟ್ಟ ಟಿಪ್ಪಣಿ ಹಾಳೆಗಳು. ರಟ್ಟಿನ ಮೇಲೆ ದುಂಡಗಿನ ಅಕ್ಷರಗಳಲ್ಲಿ ವಿಷಯವನ್ನು ಬರೆದರು: “ಮನೆಯ ಕಂಪ್ಯೂಟರಿನ ಪರದೆಯು ಪದೇ ಪದೇ ಮಬ್ಬಾಗುತ್ತಿರುವ ಬಗ್ಗೆ.”

ಕಂಪ್ಯೂಟರು ಅವರ ಒಬ್ಬಳೇ ಮಗಳು ಸಂಘಮಿತ್ರಾಳದು. ಪುಸ್ತಕಗಳಿಗೆ ಅಕ್ಷರ ಜೋಡಿಸಿ, ಪುಟ ಕಟ್ಟಿ, ಮುದ್ರಣಾಲಯಗಳಿಗೆ ಕಳುಹಿಸುವ ಕೆಲಸವನ್ನು ಅವಳು ನಡುಮನೆಯ ಮೂಲೆಯಲ್ಲಿ ಕುಳಿತೇ ಮಾಡುತ್ತಿದ್ದಳು. ಆರು ವರ್ಷ ದುಡಿದ ಹಳೆಯ ಪರದೆ ಆಷಾಢದ ಕೊನೆಯಲ್ಲಿ ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಅಗಲವಾದ, ತೆಳುವಾದ, ಕಪ್ಪು ಅಂಚಿನ ಹೊಸ ಪರದೆ ಬಂದಿತು. ಅದನ್ನು ಮಾರಿದವನೂ ತಂದು ಕೂರಿಸಿದವನೂ ಒಬ್ಬನೇ: ಮಧುಗಿರಿಯ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿಯಿಟ್ಟಿದ್ದ ರಂಗನಾಥ.

ವಿಷಯ ಇಲ್ಲಿಗೇ ಮುಗಿದಿದ್ದರೆ ಕಡತ ಬೇಕಿರಲಿಲ್ಲ. ಶ್ರಾವಣ ಹುಟ್ಟಿದ ಎರಡನೆಯ ದಿನ ಕಳ್ಳಂಬೆಳ್ಳದಿಂದ ರಂಗನಾಥನ ಸೋದರಮಾವ ದೊಡ್ಡರಂಗಪ್ಪ ಬಂದು, ತಾಯಿತಂದೆಯಿಲ್ಲದ ಅಳಿಯನಿಗೆ ಸಂಘಮಿತ್ರಾಳನ್ನು ಕೇಳಿದ್ದ. ಎರಡು ವರ್ಷದಿಂದ ಅವನ ಅಂಗಡಿಗೆ ಬರುವ ಅಕ್ಷರಜೋಡಣೆಯ ಕೆಲಸವೆಲ್ಲ ತಮ್ಮ ಮಗಳ ಕೈಗೇ ಏಕೆ ಬರುತ್ತಿತ್ತೆಂಬುದು ಚೌಡಯ್ಯನವರಿಗೆ ಆ ದಿನ ತಿಳಿಯಿತು. ಮಗಳನ್ನು ಕೇಳಿದರು. ಅವಳು ತಲೆ ತಗ್ಗಿಸಲಿಲ್ಲ, ದನಿ ಏರಿಸಲೂ ಇಲ್ಲ.

“ನಿಮ್ಮ ಮಾತು ಮೀರಲ್ಲ ಅಪ್ಪಾ. ಆದ್ರೆ ಇವನನ್ನ ಬ್ಯಾಡ ಅಂದ್ಮೇಲೆ ಇನ್ನೊಬ್ಬನ್ನ ಮಾತ್ರ ತೋರಿಸಬೇಡಿ.”

ಚೌಡಯ್ಯನವರು ದೊಡ್ಡರಂಗಪ್ಪನಿಗೆ ಶ್ರಾವಣದ ಕಡೆಯ ಭಾನುವಾರದವರೆಗೆ ಗಡುವು ಹೇಳಿ ಕಳುಹಿಸಿದರು. ಅಷ್ಟರೊಳಗೆ ಹುಡುಗನ ಬೆನ್ನು, ಅಂಚು, ಶಾಯಿ ಎಲ್ಲವನ್ನೂ ಪರೀಕ್ಷಿಸಬೇಕಾಗಿತ್ತು. ಆ ವಾರದ ಶುಕ್ರವಾರವೇ ಪರದೆ ಮಬ್ಬಾಯಿತು.

ಲಾಟೀನಿನ ಬತ್ತಿಯನ್ನು ಯಾರೋ ತಿರುವಿ ಇಳಿಸಿದ ಹಾಗೆ ಬೆಳಕು ಕೆಳಗಿಳಿಯಿತು. ಅಕ್ಷರಗಳಿದ್ದವು, ಆದರೆ ಕೆರೆಯ ತಳದಲ್ಲಿ ಬಿದ್ದ ಕಾಸಿನಂತಿದ್ದವು. ಸಂಘಮಿತ್ರಾ ಗುಂಡಿಗಳನ್ನು ಒತ್ತಿದಳು, ಕಂಪ್ಯೂಟರನ್ನು ಆರಿಸಿ ಹಚ್ಚಿದಳು, ಏನೂ ಆಗಲಿಲ್ಲ. ಭಾನುವಾರ ರಂಗನಾಥ ಬೈಕಿನಲ್ಲಿ ಬಂದು, ಒದ್ದೆ ಬಟ್ಟೆಯಿಂದ ಪರದೆಯನ್ನು ಸುತ್ತ ಒರೆಸಿ, ಅದಾವುದೋ ಪಟ್ಟಿ ತೆರೆದು ಅಲ್ಲೊಂದು ಇಲ್ಲೊಂದು ಗುರುತು ಬದಲಿಸಿದ. ಬೆಳಕು ಬಂದಿತು.

“ಪವರ್ ಸೇವಿಂಗು ಸಾರ್,” ಎಂದ. “ಕರೆಂಟು ಉಳಿಸೋಕೆ ಅಂತ ತಾನೇ ಬೆಳಕು ಇಳಿಸ್ಕೊಂಬುಡ್ತದೆ. ಐದು ನಿಮಿಷ ಮುಟ್ಟದಿದ್ರೆ ನಿದ್ದೆಗೂ ಹೋಗೋ ಹಂಗೆ ಇಟ್ಟಿದ್ರು. ತೆಗೆದಿದೀನಿ.”

ಎರಡನೆಯ ಶುಕ್ರವಾರ ಮತ್ತೆ ಮಬ್ಬು. ಎರಡನೆಯ ಭಾನುವಾರ ಮತ್ತೆ ರಂಗನಾಥ. ಈ ಸಲ ಪರದೆಗೂ ಕಂಪ್ಯೂಟರಿನ ಪೆಟ್ಟಿಗೆಗೂ ನಡುವಿನ ಕೇಬಲನ್ನು ಬದಲಾಯಿಸಿದ. ಮುಂದೆ ಹೀಗಾದರೆ ಅಂಗಡಿಯಲ್ಲಿ ಕುಳಿತೇ ನೋಡಬಹುದೆಂದು ದೂರದಿಂದ ಕಂಪ್ಯೂಟರನ್ನು ನಡೆಸುವ ಒಂದು ತಂತ್ರಾಂಶವನ್ನೂ ಹಾಕಿಕೊಟ್ಟ. ಕೂಲಿ ಕೇಳಲಿಲ್ಲ, ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಚೌಡಯ್ಯನವರ ಮನಸ್ಸಿನಲ್ಲಿ ಮೊದಲ ಮುಳ್ಳು ನಾಟಿದ್ದು ಆಗಲೇ. ಕೂಲಿ ಬೇಡವೆನ್ನುವ ರಿಪೇರಿಯವನನ್ನು ಅವರು ಅರವತ್ತೇಳು ವರ್ಷದಲ್ಲಿ ಕಂಡಿರಲಿಲ್ಲ.

ಮೂರನೆಯ ಶುಕ್ರವಾರ ಪರದೆ ಮತ್ತೆ ಮಂಕಾದಾಗ ಕಡತ ಹುಟ್ಟಿತು. ಟಿಪ್ಪಣಿ ಹಾಳೆಯಲ್ಲಿ ದಿನಾಂಕ, ಹೊತ್ತು, ಹವೆ, ಕರೆಂಟಿನ ಸ್ಥಿತಿ, ಹಾಜರಿದ್ದವರು, ಷರಾ ಎಂದು ಅಂಕಣ ಎಳೆದರು. ಹಿಂದಿನ ಎರಡು ವಾರದ ಸಂಗತಿಯನ್ನೂ ನೆನಪಿನಿಂದ ತುಂಬಿಸಿದರು. ಸಂಘಮಿತ್ರಾ ಕಾಫಿ ಕೊಡಲು ಬಂದವಳು ಬಗ್ಗಿ ಓದಿದಳು.

“ಅಪ್ಪಾ, ಇದು ಮನೇನೋ ಕಚೇರೀನೋ? ಹಾಲಿನವರನ್ನೂ ಹಾಜರಿ ಹಾಕಿದೀರಲ್ಲ!”

“ಬಂದೋರನ್ನೆಲ್ಲ ಬರೀಬೇಕು. ಮಹಜರು ಅಂದ್ರೆ ಅದೇ.”

“ಹಂಗಾದ್ರೆ ಅವ್ವ ಎಲ್ಲಿ? ಅವ್ವನ ಹೆಸ್ರೇ ಇಲ್ಲ.”

“ಅವಳನ್ಯಾಕೆ ಬರೀಬೇಕು? ಅವಳು ಯಾವಾಗ್ಲೂ ಇರ್ತಾಳಲ್ಲ,” ಎಂದು ಚೌಡಯ್ಯನವರು ಲೇಖನಿಯ ಮುಚ್ಚಳ ಹಾಕಿದರು.

“ರಂಗನಾಥನೂ ಇಲ್ಲ ಇದ್ರಲ್ಲಿ. ಕೆಡೋದು ಶುಕ್ರವಾರ, ಅವನು ಬರೋದು ಭಾನುವಾರ. ನಿಮ್ಮ ಕಡತವೇ ಅವನನ್ನ ಬುಟ್ಟುಬುಡ್ತಲ್ಲಪ್ಪ!” ಎಂದು ನಕ್ಕು ಅವಳು ಹೊರಟುಹೋದಳು.

ಮಗಳು ನಕ್ಕ ಮಾತು ತಂದೆಯನ್ನು ಕೊರೆಯತೊಡಗಿತು. ಹೌದು, ಶುಕ್ರವಾರ ಅವನಿರಲಿಲ್ಲ. ಆದರೆ ಮಬ್ಬಿನಿಂದ ಲಾಭ ಯಾರಿಗೆ? ಪರದೆ ಕೆಟ್ಟರೆ ಭಾನುವಾರ ಅವನಿಗೆ ಈ ಮನೆಯ ಬಾಗಿಲು ತೆರೆಯುತ್ತದೆ. ಮಗಳ ಪಕ್ಕದ ಕುರ್ಚಿ ಸಿಗುತ್ತದೆ. ಚಿಕ್ಕಹನುಮಕ್ಕನ ಕೈಯ ಕಾಯೊಬ್ಬಟ್ಟು ಸಿಗುತ್ತದೆ. ಕೆಡದೆ ಇದ್ದರೆ ಇವಾವುವೂ ಇಲ್ಲ. ಲಾಭ ಯಾರಿಗೋ ಕೈವಾಡ ಅವನದು ಎಂಬುದು ರೆಕಾರ್ಡ್ ರೂಮಿನ ಮೊದಲ ಪಾಠ.

ಪಕ್ಕದ ಮನೆಯ ಪರ್ವತಯ್ಯ ಈ ಸಂಶಯಕ್ಕೆ ನೀರೆರೆದ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದ ಅವನ ಮಾತಿನಲ್ಲಿ ಹಿಂದೂಪುರದ ಕಡೆಯ ತೆಲುಗು ಧಾರಾಳವಾಗಿ ಬೆರೆತಿತ್ತು. ಮೊದಲು ಅವನು ಟೆಸ್ಟರ್ ಹಿಡಿದು ಗೋಡೆಯ ಪ್ಲಗ್ಗುಗಳನ್ನೆಲ್ಲ ಚುಚ್ಚಿ ನೋಡಿದ.

“ತೋಟದ ಮೋಟರುಗಳಿಗೆ ತ್ರೀ ಫೇಸು ಬುಟ್ಟಾಗ ಓಲ್ಟೇಜು ಕುಸೀತದೆ, ಅದೇ ಇರ್ಬೇಕು ಅಂದ್ಕೊಂಡಿದ್ದೆ ಸಾಹೇಬ್ರೆ. ಆದ್ರೆ ಬಲ್ಬು ಚೆನ್ನಾಗೇ ಉರೀತೈತೆ, ಫ್ಯಾನು ತಿರುಗ್ತೈತೆ. ಕರೆಂಟು ನಿರಪರಾಧಿ!”

“ಹಂಗಾದ್ರೆ ಅಪರಾಧಿ ಯಾರು?”

ಪರ್ವತಯ್ಯ ದನಿ ತಗ್ಗಿಸಿದ. “ಏಮಯ್ಯಾ, ರೆಕಾರ್ಡು ಸಾಹೇಬ್ರಾಗಿ ಇಷ್ಟು ತಿಳೀಲಿಲ್ವಾ? ನಮ್ಮ ಅಳಿಯ ಕ್ಯಾತಗಾನಚೆರ್ಲು ತಾವ ಸೋಲಾರ್ ಕರೆಂಟಿನ ಪ್ಲಾಂಟಿನಾಗೆ ಅವ್ನಲ್ಲ, ಅವ್ನು ಹೇಳ್ತಾನೆ: ಪ್ಯಾನೆಲ್ಲುಗಳು ಬಯಲಾಗವಂತೆ, ಆನು ಆಫು ಮಾಡೋನು ಎಲ್ಲೋ ದೂರದಾಗೆ ಕುರ್ಚಿ ಮೇಲೆ ಕುಂತಿರ್ತಾನಂತೆ. ಪಾವಗಡದಷ್ಟು ದೊಡ್ಡ ಬಯಲನ್ನೇ ದೂರದಿಂದ ಆಡಿಸ್ತಾರೆ ಅಂದ್ರೆ, ನಿಮ್ಮ ಮೊಳ ಉದ್ದದ ಪರದೆ ಯಾವ ಲೆಕ್ಕ? ಆ ಹುಡುಗ ಏನೋ ಹಾಕಿಕೊಟ್ಟವ್ನೆ ಅಂದ್ರಲ್ಲ, ದೂರದಿಂದ ನೋಡೋದು!”

ಆ ಸಂಜೆ ಚೌಡಯ್ಯನವರು ಷರಾ ಅಂಕಣದಲ್ಲಿ ಬರೆದರು: “ಮಧುಗಿರಿಯಿಂದ ದೂರನಿಯಂತ್ರಣದ ಮೂಲಕ ಮಬ್ಬು ಮಾಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.”

ಮೂರನೆಯ ಭಾನುವಾರ ರಂಗನಾಥ ಬಂದಾಗ ಅವರು ಕುರ್ಚಿಯನ್ನು ಎಳೆದುಕೊಂಡು ಅವನ ಮಗ್ಗುಲಲ್ಲೇ ಕುಳಿತರು.

“ಕರೆಂಟ್ ಉಳಿಸೋದು ಒಳ್ಳೇದೇ ಕಣಪ್ಪ. ಆದ್ರೆ ಶುಕ್ರವಾರಾನೇ ಯಾಕೆ ಉಳಿಸ್ತದೆ ಇದು? ಬುಧವಾರ ಬ್ಯಾಡ್ವಾ ಇದ್ಕೆ?”

ರಂಗನಾಥ ಪರದೆಯ ಕೇಬಲನ್ನು ಕೈಯಲ್ಲಿ ತಿರುವಿದ. “ಅದೇ ಸಾರ್… ಒಂದೊಂದು ಮಾಡೆಲ್ಲು ಹಂಗೆ.”

“ವಾರ ತಿಥಿ ನೋಡೋ ಮಾಡೆಲ್ಲಾ?”

“ಸಾರ್, ಮನೇಲಿ ಟೆಸ್ಟರ್ ಇದ್ರೆ ಸ್ವಲ್ಪ ಕೊಡ್ತೀರಾ?”

ಟೆಸ್ಟರ್ ಪರ್ವತಯ್ಯನ ಮನೆಯಲ್ಲಿತ್ತು. ತಂದುಕೊಂಡು ಒಳಗೆ ಕಾಲಿಡುವಷ್ಟರಲ್ಲಿ ಪರದೆ ಹುಣ್ಣಿಮೆಯ ಹಾಗೆ ಬೆಳಗುತ್ತಿತ್ತು. ರಂಗನಾಥ ಕರವಸ್ತ್ರವನ್ನು ಅವಸರವಾಗಿ ಜೇಬಿಗೆ ತುರುಕುತ್ತಿದ್ದ; ಅದರ ತುದಿಯಲ್ಲೊಂದು ಕೆಂಪು ಕಲೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಹನುಮಕ್ಕ ಸರಕ್ಕನೆ ಒಳಗೆ ಸರಿದಳು.

“ಎಲೆಅಡಿಕೆ ಹಾಕ್ತೀಯೇನಪ್ಪ?” ಎಂದು ಚೌಡಯ್ಯನವರು ಮೆಲ್ಲಗೆ ಕೇಳಿದರು.

“ಇಲ್ಲ ಸಾರ್, ಅಭ್ಯಾಸ ಇಲ್ಲ.”

ಹಲ್ಲು ನೋಡಿದರು. ಹಲ್ಲು ಬೆಳ್ಳಗಿದ್ದವು. ಬೆಳ್ಳಗಿನ ಹಲ್ಲು, ಕೆಂಪಾದ ಕರವಸ್ತ್ರ, ಬೇಕಿಲ್ಲದ ಟೆಸ್ಟರ್, ಜೊತೆಗೆ ಬಾಗಿಲಿಂದ ಸರಿದುಹೋದ ಹೆಂಡತಿ. ಆ ದಿನ ಅವನ ಎಲೆಗೆ ಒಬ್ಬಟ್ಟು ಒಂದು ಹೆಚ್ಚಾಗಿಯೇ ಬಿದ್ದಿತು. ತುಪ್ಪವನ್ನು ಕೇಳದೆಯೇ ಹಾಕಲಾಯಿತು. ಮನೆಯೊಳಗೇ ಏನೋ ಒಳಸಂಚು ನಡೆದಿದೆ, ತಾವೊಬ್ಬರೇ ಹೊರಗಿನವರು ಎಂದು ಚೌಡಯ್ಯನವರಿಗೆ ಅನಿಸಿತು. ಕಡತದಲ್ಲಿ ಬರೆದರು: “ಕಲೆ ರಕ್ತದ್ದಲ್ಲ, ಶಾಯಿಯದಲ್ಲ, ತಾಂಬೂಲದ್ದೂ ಅಲ್ಲವೆಂದು ಸದರಿಯವನ ಹೇಳಿಕೆ. ಸದರಿಯವನು ಸುಳ್ಳಾಡುತ್ತಿರುವುದು ಮುಖದಿಂದ ವೇದ್ಯ.” ಅದರ ಕೆಳಗೆ, ಬಹಳ ಹೊತ್ತು ಯೋಚಿಸಿ, ಇನ್ನೊಂದು ಸಾಲು: “ಸುಳ್ಳುಗಾರನಿಗೆ ಹುಡುಗಿಯನ್ನು ಕೊಡುವಂತಿಲ್ಲ.”

ಆ ಸಾಲನ್ನು ಬರೆದ ಮೇಲೆ ಅವರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೊಬ್ಬನನ್ನು ತೋರಿಸಬೇಡಿ ಎಂದು ಮಗಳು ಹೇಳಿದ್ದು ಕಿವಿಯಲ್ಲಿತ್ತು. ಅವಳು ಆಡಿದ್ದನ್ನು ಮಾಡುವವಳು. ಒಂದು ಸಾಲಿನ ಷರಾದಿಂದ ಒಂದು ಬಾಳನ್ನೇ ಮುಚ್ಚುವುದಾದರೆ, ಮುಚ್ಚುವ ಮೊದಲು ಕಣ್ಣಾರೆ ಕಂಡ ಸಾಕ್ಷ್ಯವೊಂದಿರಬೇಕು.

ಗುರುವಾರ ಸಂಜೆ ಅವರು ಇಂಟರ್ನೆಟ್ಟಿನ ತಂತಿಯನ್ನು ಕಿತ್ತು, ಸುತ್ತಿ, ತಮ್ಮ ದಿಂಬಿನ ಕೆಳಗಿಟ್ಟುಕೊಂಡರು. ನಾಳೆ ಪರದೆ ಬೆಳಗುತ್ತಲೇ ಉಳಿದರೆ ಮಧುಗಿರಿಯ ಕೈವಾಡ ರುಜುವಾದಂತೆ.

ಶುಕ್ರವಾರ ಬೆಳಗ್ಗೆ ಏಳೂವರೆಗೆ ಕಂಪ್ಯೂಟರನ್ನು ತಾವೇ ಹಚ್ಚಿ, ನಡುಮನೆಯ ಬೆಂಚಿನ ಮೇಲೆ ಮೈಚಾಚಿ, ಮುಖದ ಮೇಲೆ ದಿನಪತ್ರಿಕೆಯನ್ನು ಹರಡಿಕೊಂಡರು. ಎರಡು ಹಾಳೆಗಳ ಸಂದಿನಲ್ಲಿ ಪರದೆಯೂ ನಡುಮನೆಯೂ ಕಾಣುತ್ತಿದ್ದವು. ಸಂಘಮಿತ್ರಾ ತಾರಸಿಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು. ಹಾಲಿನವನು ಬಂದು ಹೋದ. ಮನೆಯಲ್ಲಿ ಮತ್ತಾರೂ ಇರಲಿಲ್ಲ, ಎಂದುಕೊಂಡರು.

ಬಚ್ಚಲಿನಿಂದ ಚಿಕ್ಕಹನುಮಕ್ಕ ಬಂದಳು. ಮಿಂದ ತಲೆಗೆ ತೆಳು ಪಂಚೆ ಸುತ್ತಿದ್ದಳು. ಬೆಂಚಿನ ಕಡೆ ನೋಡಿ ಕ್ಷಣ ನಿಂತಳು. ಚೌಡಯ್ಯನವರು ಸಣ್ಣಗೆ ಗೊರಕೆ ಹೊಡೆದರು. ಅವಳು ರಾಗಿಯ ಡ್ರಮ್ಮಿನೊಳಗೆ ಮೊಳಕೈವರೆಗೆ ಕೈಯಿಳಿಸಿ ಒಂದು ಹಿತ್ತಾಳೆಯ ಭರಣಿಯನ್ನು ತೆಗೆದಳು. ಮೊದಲು ಮಿಕ್ಸಿಯ ಬುಡಕ್ಕೆ ಬೆರಳು ಮುಟ್ಟಿಸಿದಳು. ಆಮೇಲೆ ಹೊಲಿಗೆ ಯಂತ್ರದ ಹಲಗೆಯ ತಳಕ್ಕೆ. ಆಮೇಲೆ ಕಂಪ್ಯೂಟರಿನ ಮುಂದೆ ಬಗ್ಗಿ, ಪರದೆಯ ಕೆಳ ಅಂಚಿನ ಅಡಿಗೆ, ಯಾರ ಕಣ್ಣಿಗೂ ಬೀಳದ ಕಡೆ, ಉಂಗುರಬೆರಳನ್ನು ಒತ್ತಿದಳು. ಕಣ್ಣು ಮುಚ್ಚಿ ಕೈ ಜೋಡಿಸಿದಳು. ಅವಳ ಮುಚ್ಚಿದ ಕಣ್ಣ ಮುಂದೆ ಪರದೆ ಮೆಲ್ಲಮೆಲ್ಲಗೆ ಮಬ್ಬಾಯಿತು.

ಅವಳು ಕಣ್ಣು ತೆರೆಯುವ ಮುನ್ನವೇ ತಿರುಗಿದ್ದಳು. ಏನನ್ನೂ ಕಾಣದೆ ಒಳಗೆ ಹೋದಳು.

ಪತ್ರಿಕೆಯ ಕೆಳಗೆ ಚೌಡಯ್ಯನವರು ಕದಲಲಿಲ್ಲ. ಹಾಜರಿದ್ದವರ ಅಂಕಣದಲ್ಲಿ ಹಾಲಿನವನ ಹೆಸರಿತ್ತು, ಅಂಚೆಯವನ ಹೆಸರಿತ್ತು, ನಲ್ಲಿಯ ನೀರು ಬಿಡುವವನ ಹೆಸರೂ ಇತ್ತು. ಮೂವತ್ತೊಂದು ವರ್ಷ ಅದೆಷ್ಟೋ ಮಹಜರುಗಳ ತಪ್ಪು ಹಿಡಿದಿದ್ದ ತಾವು ತಮ್ಮ ಮನೆಯ ಮಹಜರಿನಲ್ಲಿ ಎಡವಿದ್ದರು.

ಹೆಂಡತಿ ಒಲೆಯ ಮುಂದೆ ತೊಡಗಿದ ಸದ್ದು ಕೇಳಿದ ಮೇಲೆ ಎದ್ದರು. ಕ್ಷೌರದ ಕನ್ನಡಿಯನ್ನು ತಂದು ಪರದೆಯ ಅಂಚಿನ ಕೆಳಗೆ ಹಿಡಿದು ನೋಡಿದರು. ಅಲ್ಲಿ ಸಾಸಿವೆ ಕಾಳಿನಷ್ಟು ಗಾಜಿನ ಚುಕ್ಕೆ. ಅದನ್ನು ಪೂರ್ತಿ ಮುಚ್ಚಿಕೊಂಡು ಒಂದು ಕುಂಕುಮದ ಬೊಟ್ಟು. ಹೆಬ್ಬೆರಳಿನಿಂದ ಒರೆಸಿದರು: ಬೆಳಕು ಬಂದಿತು. ಹೆಬ್ಬೆರಳನ್ನು ಅಡ್ಡ ಹಿಡಿದರು: ಬೆಳಕು ಇಳಿಯಿತು. ತೆಗೆದರು, ಹಿಡಿದರು, ತೆಗೆದರು. ಸಾಕ್ಷಿಯನ್ನು ಮೂರು ಸಲ ಕೇಳುವುದು ಅವರ ಪದ್ಧತಿ. ಮೂರು ಸಲವೂ ಸಾಕ್ಷಿ ಒಂದೇ ಮಾತು ಹೇಳಿತು.

ಅದೇನು ಕಣ್ಣೆಂದು ತಿಳಿಯಲು ಏಣಿ ಹಾಕಿ ಅಟ್ಟ ಹತ್ತಿ, ಪರದೆಯ ಪೆಟ್ಟಿಗೆಯೊಳಗಿದ್ದ ಇಂಗ್ಲಿಷ್ ಕೈಪಿಡಿಯನ್ನು ಹುಡುಕಿದರು. ಹನ್ನೊಂದನೆಯ ಪುಟದಲ್ಲಿ ಸಿಕ್ಕಿತು. ಕೋಣೆಯಲ್ಲಿ ಕತ್ತಲಿದ್ದರೆ ವಿದ್ಯುತ್ ಉಳಿಸಲು ಪರದೆ ತಾನೇ ಬೆಳಕು ತಗ್ಗಿಸುತ್ತದೆ. ಹಗಲೋ ಇರುಳೋ ಎಂದು ಅದಕ್ಕೆ ಹೇಳುವುದು ಈ ಚುಕ್ಕೆ. ಬೊಟ್ಟಿನ ಹಿಂದೆ ಕುಳಿತ ಆ ಕಣ್ಣಿಗೆ ಶುಕ್ರವಾರದಿಂದ ಭಾನುವಾರದವರೆಗೆ ಬರೀ ಕತ್ತಲು. ಕೆಳಗೆ ಇನ್ನೊಂದು ಸಾಲಿತ್ತು: ಈ ಏರ್ಪಾಡು ಬೇಡವಾದರೆ ಪಟ್ಟಿಗೆ ಹೋಗಿ ಆರಿಸಬಹುದು. ಆ ಸಾಲನ್ನು ಎರಡು ಸಲ ಓದಿ, ಪುಟದ ಮೂಲೆಯನ್ನು ಮಡಿಸಿದರು.

ಇಳಿಯುವಾಗ ಕೈಗೆ ತಾಕಿದ್ದು ಹಳೆಯ ಪರದೆ. ಏಕೋ ಏನೋ, ಅದನ್ನು ತಲೆಕೆಳಗು ಮಾಡಿ ನೋಡಿದರು. ಕೆಳ ಅಂಚಿನ ಅಡಿಯಲ್ಲಿ, ಅದೇ ಜಾಗದಲ್ಲಿ, ಕುಂಕುಮ ಪದರ ಪದರವಾಗಿ ಗಟ್ಟಿಗಟ್ಟಿ ಬೆಳೆದು ನೆಲಗಡಲೆಯ ಬೀಜದಷ್ಟಾಗಿತ್ತು. ಆರು ವರ್ಷದ ಶುಕ್ರವಾರಗಳು. ಆ ಪರದೆಗೆ ಕಣ್ಣಿರಲಿಲ್ಲವಾದ್ದರಿಂದ ಅದು ಯಾರಿಗೂ ದೂರು ಹೇಳಿರಲಿಲ್ಲ.

ಚೌಡಯ್ಯನವರು ಏಣಿಯ ನಡುವೆಯೇ ಕುಳಿತರು. ಹನ್ನೆರಡು ವರ್ಷದ ಹಿಂದೆ ಅವರು ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ಸಂಜೆ, ಗೂಡಿನಲ್ಲಿದ್ದ ದೇವರ ಪಟಗಳನ್ನು ತೆಗೆಯಬೇಕೆಂದೂ ಇನ್ನು ಈ ಮನೆಯಲ್ಲಿ ಬೊಟ್ಟು ಬೂದಿ ಇರಕೂಡದೆಂದೂ ಹೇಳಿದ್ದರು. ಚಿಕ್ಕಹನುಮಕ್ಕ “ಸರಿ” ಎಂದಿದ್ದಳು. ಪಟಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ತಮ್ಮನ ಮನೆಗೆ ಕೊಟ್ಟು ಬಂದಿದ್ದಳು. ಹುಣ್ಣಿಮೆಯ ವಂದನೆಗೆ ಅವರ ಪಕ್ಕದಲ್ಲೇ ಕುಳಿತು, ಬಿಳಿ ಸೀರೆಯುಟ್ಟು, ಒಂದಕ್ಷರವೂ ತಪ್ಪದಂತೆ ಹೇಳುತ್ತಿದ್ದಳು. ತಮ್ಮ ವಾದ ಅವಳನ್ನು ಗೆದ್ದಿತೆಂದೇ ಅವರು ತಿಳಿದಿದ್ದರು. ಅವರ ತತ್ತ್ವಕ್ಕೆ ಅವಳು ಎದುರಾಡಿರಲಿಲ್ಲ ನಿಜ. ಆದರೆ ಅನ್ನ ಕೊಡುವ ಸಲಕರಣೆಗೆ ಶುಕ್ರವಾರ ಬೊಟ್ಟಿಡಬೇಕೆಂದು ಅವಳ ತಾಯಿ ಮೊರಕ್ಕೆ, ಕುಡುಗೋಲಿಗೆ ಇಟ್ಟು ಕಲಿಸಿದ್ದನ್ನು ಅವಳ ಬೆರಳು ಮರೆತಿರಲಿಲ್ಲ. ಮಗಳಿಗೆ ಅನ್ನ ಕೊಡುತ್ತಿದ್ದದ್ದು ಈ ಕಪ್ಪು ಪರದೆ.

ಕೆಳಗಿಳಿದು ಬಂದಾಗ ಪರದೆ ಢಾಳಾಗಿ ಹೊಳೆಯುತ್ತಿತ್ತು. ತಾರಸಿಯ ಮೆಟ್ಟಿಲಿನಲ್ಲಿ ಮಗಳ ಕಾಲ ಸದ್ದು ಕೇಳಿಸಿತು. ಬೊಟ್ಟು ಒರೆಸಿಹೋಗಿದೆ, ಸಾಕ್ಷ್ಯ ಕದಲಿದೆ, ಭಾನುವಾರ ಆ ಹುಡುಗನನ್ನು ಪರೀಕ್ಷಿಸಬೇಕಾದರೆ ಪರದೆ ಮಬ್ಬಾಗಿಯೇ ಇರಬೇಕು. ಹೆಬ್ಬೆರಳಿನಲ್ಲಿ ಇನ್ನೂ ಕೆಂಪಿತ್ತು. ಹನ್ನೆರಡು ವರ್ಷ ಕುಂಕುಮ ಮುಟ್ಟದ ಆ ಬೆರಳನ್ನು ಅವರು ಕ್ಷಣ ದಿಟ್ಟಿಸಿದರು. ಆಮೇಲೆ ಬಗ್ಗಿ, ಅದೇ ಜಾಗಕ್ಕೆ ಒತ್ತಿದರು. ಪರದೆ ಮಬ್ಬಾಯಿತು. ಬೆರಳಲ್ಲಿ ಉಳಿದದ್ದು, ಕಡತ ಮುಚ್ಚುವಾಗ, ಟಿಪ್ಪಣಿ ಹಾಳೆಯ ಅಂಚಿಗೆ ಅಂಟಿ, ಅಕ್ಷರ ಬಾರದ ಸಾಕ್ಷಿಯೊಬ್ಬರ ಹೆಬ್ಬೆಟ್ಟಿನ ಗುರುತಿನಂತೆ ಉಳಿಯಿತು.

ಇಂಟರ್ನೆಟ್ಟಿನ ತಂತಿಯನ್ನು ಯಾರಿಗೂ ಹೇಳದೆ ಮತ್ತೆ ಸಿಕ್ಕಿಸಿದರು. ಹೆಂಡತಿಗೂ ಏನನ್ನೂ ಹೇಳಲಿಲ್ಲ. ದೂರನಿಯಂತ್ರಣದ ಆರೋಪ ಬಿದ್ದುಹೋಗಿತ್ತು. ಆದರೆ ಹುಡುಗ ಸುಳ್ಳಾಡಿದ್ದು ಬಿದ್ದುಹೋಗಿರಲಿಲ್ಲ. ಕರವಸ್ತ್ರದ ಕಲೆ ಏನೆಂದು ಈಗ ಗೊತ್ತಾಗಿತ್ತು. ಬೊಟ್ಟನ್ನು ಒರೆಸಿ, ಪವರ್ ಸೇವಿಂಗ್ ಎಂದು ಕಥೆ ಹೇಳಿದವನು ಏನನ್ನು ಮುಚ್ಚಿಡುತ್ತಿದ್ದ, ಯಾರಿಗಾಗಿ?

ಭಾನುವಾರ ಹತ್ತು ಗಂಟೆಗೆ ದೊಡ್ಡರಂಗಪ್ಪ ಅಳಿಯನ ಬೈಕಿನ ಹಿಂದೆ ಕುಳಿತು ಬಂದ. ಪರ್ವತಯ್ಯ ಕರೆಯದೆಯೇ ಬಂದು ಜಗಲಿಯ ಮೇಲೆ ಆಸೀನನಾಗಿ, “ಕೂಕಳ್ಳಿ ಯಜಮಾನ್ರೇ, ಕಳ್ಳಂಬೆಳ್ಳದ ಕೆರೆಗೆ ನೀರು ಬಂತಾ?” ಎಂದು ಮಾತಿಗೆಳೆದ. ಸಂಘಮಿತ್ರಾ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು.

“ರಂಗನಾಥ, ಒಳಗೆ ಬಾ. ಮೊದಲು ಇದನ್ನ ನೋಡು,” ಎಂದು ಚೌಡಯ್ಯನವರು ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನಡುಮನೆಯ ಬಾಗಿಲನ್ನು ಮುಂದಕ್ಕೆಳೆದರು. ತೊಡೆಯ ಮೇಲೆ ಕಡತ. “ಈ ಕಾಯಿಲೆ ಏನು ಅಂತ ನಿಂಗೆ ಗೊತ್ತಾ?”

ರಂಗನಾಥ ಅವರ ಮುಖ ನೋಡಿದ, ಕಡತ ನೋಡಿದ. “ಗೊತ್ತು ಸಾರ್.”

“ಯಾವಾಗಿಂದ?”

“ಎರಡನೇ ವಾರದಿಂದ. ಮೊದಲ್ನೇ ಸಲ ನಿಜವಾಗ್ಲೂ ಸೆಟ್ಟಿಂಗು ಅಂತಾನೇ ತಿಳ್ಕೊಂಡಿದ್ದೆ.”

“ಏನದು, ಹೇಳು.”

“ಅದೊಂದು ಕೇಳಬೇಡಿ ಸಾರ್. ಒಬ್ಬರಿಗೆ ಹೇಳಲ್ಲ ಅಂತ ತಲೆ ಆಡ್ಸಿಬಿಟ್ಟಿದೀನಿ.”

“ಯಾರಿಗೆ?”

“ಅದನ್ನ ಹೇಳಿದ್ರೆ ಹೇಳ್ದಂಗೇ ಆಯ್ತಲ್ಲ ಸಾರ್.”

“ಹೊರಗೆ ನಿಮ್ಮ ಮಾವ ಕುಂತವ್ರೆ. ನೀನು ಹೇಳದಿದ್ರೆ ಹುಡುಗಿ ಕೊಡಲ್ಲ ಅಂದ್ರೆ?”

ಗೋಡೆಯ ಮೇಲಿದ್ದ ಬುದ್ಧನ ಪಟದ ಕೆಳಗೆ ಹಲ್ಲಿಯೊಂದು ಲೊಚಗುಟ್ಟಿತು. ರಂಗನಾಥ ಅಡುಗೆಮನೆಯ ಕಡೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲವೆಂಬುದನ್ನು ಚೌಡಯ್ಯನವರು ಗಮನಿಸಿದರು.

“ಕೊಡೋದು ಬುಡೋದು ನಿಮ್ಮಿಷ್ಟ ಸಾರ್,” ಎಂದ ಕೊನೆಗೆ. “ಆ ಗುಟ್ಟು ನಂದಲ್ಲ. ನಂದಲ್ಲದ್ದನ್ನ ಕೊಟ್ಟು ನಾನು ಹುಡುಗಿ ತಗೊಂಡೋಗಕ್ಕಾಗಲ್ಲ.”

ಚೌಡಯ್ಯನವರು ಕಡತದೊಳಗಿಂದ ಕೈಪಿಡಿಯನ್ನು ತೆಗೆದು, ಮೂಲೆ ಮಡಿಸಿದ ಪುಟವನ್ನು ಅವನ ಮುಂದೆ ಹಿಡಿದರು. ರಂಗನಾಥ ಪುಟವನ್ನೊಮ್ಮೆ, ಅವರನ್ನೊಮ್ಮೆ ನೋಡಿದ. ಯಜಮಾನರಿಗೆ ಎಲ್ಲ ಗೊತ್ತು!

“ಗುಟ್ಟಿನ ಮಾತು ಅಲ್ಲಿಗೆ ಬುಡು. ಅದನ್ನ ನಾನೂ ಕೇಳಲ್ಲ, ನೀನೂ ಹೇಳಬೇಡ. ಈ ಸಾಲು ಓದು. ಬೆಳಕು ನೋಡೋ ಕಣ್ಣನ್ನ ಬೇಕಾದ್ರೆ ಆಫ್ ಮಾಡಬಹುದು ಅಂತ ಬರೆದವ್ರೆ. ಎಷ್ಟು ಹೊತ್ತಿನ ಕೆಲಸ?”

“ಅರ್ಧ ನಿಮಿಷ ಸಾರ್.”

“ಮಾಡಿದ್ರೆ ಯಾರ ಗುಟ್ಟೂ ರಟ್ಟಾಗ್ತಿರಲಿಲ್ಲ, ಪರದೇನೂ ಮಬ್ಬಾಗ್ತಿರಲಿಲ್ಲ. ಎರಡನೇ ವಾರವೇ ಮುಗೀತಿತ್ತು. ಹೌದಾ ಇಲ್ವಾ?”

“ಹೌದು ಸಾರ್.”

“ಮತ್ಯಾಕೆ ಮಾಡಲಿಲ್ಲ?”

ರಂಗನಾಥನ ಕಿವಿಗಳು ಕೆಂಪಾದವು. ಮೌಸನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದ.

“ಮಾಡಿಬಿಟ್ಟಿದ್ರೆ… ಭಾನುವಾರ ಬರೋಕೆ ನಂಗೇನು ನೆಪ ಇರ್ತಿತ್ತು ಸಾರ್?”

ಚೌಡಯ್ಯನವರು ಬೆನ್ನನ್ನು ಕುರ್ಚಿಗೊರಗಿಸಿದರು. ಲಾಭ ಯಾರಿಗೋ ಕೈವಾಡ ಅವನದು! ಎರಡು ವಾರದ ಸಂಶಯ ಕಡೆಗೂ ಅಷ್ಟರಮಟ್ಟಿಗೆ ನಿಜವಾಗಿತ್ತು. ಆ ನಿಜವೇ, ಆಶ್ಚರ್ಯವೆಂದರೆ, ಅವರ ಎದೆಯ ಮುಳ್ಳನ್ನು ಕಿತ್ತುಹಾಕಿತ್ತು. ಲೇಖನಿ ತೆಗೆದು, ಹಿಂದಿನ ವಾರ ಬರೆದಿದ್ದ ಕೊನೆಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ರುಜು ಹಾಕಿದರು. ಆಮೇಲೆ, “ಕಣ್ಣು ಹಂಗೇ ಇರ್ಲಿ, ಒರೆಸಿ ಬುಡು,” ಎಂದು ಎದ್ದು ಜಗಲಿಗೆ ಬಂದರು.

“ದೊಡ್ಡರಂಗಪ್ನೋರೇ, ನಿಮ್ಮ ಅಳಿಯ ಕಳ್ಳ.”

ದೊಡ್ಡರಂಗಪ್ಪ ಬಾಯಿ ತೆರೆದುಕೊಂಡು ಎದ್ದು ನಿಂತ. ಪರ್ವತಯ್ಯ, “ನಾನು ಹೇಳಲಿಲ್ವಾ, ರಿಮೋಟು!” ಎಂದ.

“ಕೇಳಿದ್ರೆ ತನ್ನ ಕಳ್ಳತನ ಒಪ್ಕೊತಾನೆ, ಇನ್ನೊಬ್ಬರದು ಬಾಯಿ ಬುಡಲ್ಲ. ಇಂಥ ಕಳ್ಳ ನಮ್ಮನೆಗೆ ಆಗಬಹುದು. ಕೂತ್ಕೊಳ್ಳಿ, ಊಟಕ್ಕೆ ಎದ್ದೇಳೋವಷ್ಟರಲ್ಲಿ ದಿನ ನೋಡೋಣ.”

ಒಳಕೋಣೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ಅಡುಗೆಮನೆಯಲ್ಲಿ ಪಾತ್ರೆಗಳು ಮತ್ತೆ ಮಾತಾಡತೊಡಗಿದವು.

ಮುಂದಿನ ಶುಕ್ರವಾರ ಬೆಳಗ್ಗೆ ಚೌಡಯ್ಯನವರು ಬೆಂಚಿನ ಮೇಲೆ ಕುಳಿತು ಪತ್ರಿಕೆಯನ್ನು ಮುಖದ ಎದುರಿಗೆ ಹಿಡಿದು ಓದುತ್ತಿದ್ದರು. ಬಚ್ಚಲ ಬಾಗಿಲು ತೆರೆಯಿತು. ರಾಗಿಯ ಡ್ರಮ್ಮಿನ ಮುಚ್ಚಳ ಸಣ್ಣಗೆ ಕಿರುಗುಟ್ಟಿತು. ಬಳೆಯ ಸದ್ದು ಮಿಕ್ಸಿಯ ಹತ್ತಿರ, ಹೊಲಿಗೆ ಯಂತ್ರದ ಹತ್ತಿರ, ಆಮೇಲೆ ಪರದೆಯ ಹತ್ತಿರ ಬಂದು ನಿಂತಿತು.

“ಎರಡು ಬೆರಳು ಎಡಕ್ಕಿಡು,” ಎಂದರು ಅವರು, ಪತ್ರಿಕೆಯನ್ನು ಇಳಿಸದೆ. “ಅಲ್ಲಿ ಅದಕ್ಕೆ ಕಣ್ಣಿದೆ.”

ಬಳೆಗಳು ಸ್ತಬ್ಧವಾದವು. ಹೊರಗೆ ಹಿಂದೂಪುರದ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು.

“ಕಣ್ಣಾ?” ಎಂದು ಚಿಕ್ಕಹನುಮಕ್ಕ ಪಿಸುಗುಟ್ಟಿದಳು. “ಅದ್ಕೇನಾ ಅದು ಮಬ್ಬಾಗ್ತಿದ್ದದ್ದು? ಅಯ್ಯೋ ನನ್ನ ಕೈಗಿಷ್ಟು… ಬೊಟ್ಟಿನ ಮಾತು ಎತ್ತಬ್ಯಾಡ ಅಂತ ಸನ್ನೆ ಮಾಡಿದ್ದಕ್ಕೆ ಆ ಹುಡುಗ ನಂಗೂ ಒಂದ್ ಮಾತೂ ಅನ್ನಲಿಲ್ವಲ್ಲ!”

“ಅವನ್ಯಾಕೆ ಅಂದಾನು. ನಿನ್ನ ಒಬ್ಬಟ್ಟು ತಪ್ಪಿಹೋಗಲ್ವಾ?”

ಅವಳು ಬಗ್ಗಿ, ಎರಡು ಬೆರಳು ಅಳೆದು, ಎಡಕ್ಕೆ ಬೊಟ್ಟಿಟ್ಟಳು. ಪರದೆ ಬೆಳಗುತ್ತಲೇ ಇತ್ತು. ಭರಣಿಯನ್ನು ಮುಚ್ಚಿದಳು, ಡ್ರಮ್ಮಿನೊಳಗೆ ಇಳಿಸಲು ಹೋದವಳು ನಿಂತು, ಅದನ್ನು ಕಂಪ್ಯೂಟರಿನ ಮೇಜಿನ ಮೇಲೆಯೇ ಇಟ್ಟಳು. ಅಡುಗೆಮನೆಯ ಹೊಸ್ತಿಲಲ್ಲಿ ತಿರುಗಿದಳು.

“ಹೋದ ಶನಿವಾರ ಧೂಳು ಹೊಡೆಯಕ್ಕೆ ಬಗ್ಗಿದಾಗ ನೋಡ್ದೆ. ನಾನಿಡೋದು ಉಂಗುರಬೆಟ್ಟಲ್ಲಿ. ಅಲ್ಲಿದ್ದದ್ದು ಹೆಬ್ಬೆಟ್ಟು, ಅದೂ ಸೊಟ್ಟಗೆ,” ಎಂದಳು. “ಹನ್ನೆರಡು ವರ್ಷ ಅಭ್ಯಾಸ ತಪ್ಪಿದ್ರೆ ಹಂಗೇ ಆಗೋದು, ಬುಡಿ.”

ಚೌಡಯ್ಯನವರು ಓದದ ಪುಟವನ್ನು ಮಗುಚಿದರು.